ಆಮೋಸಯ್ಯನ ಹತ್ತು ನಿಮಿಷ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಆಮೋಸಯ್ಯನ ಮುಖ ನೋಡದವರು ಬೇಕಾದಷ್ಟು ಜನ ಇದ್ದಾರೆ. ಅವನ ಗಂಟಲು ಕೇಳದವರು ಮಾತ್ರ ಇಲ್ಲ. ಸಿದ್ದರಾಜುವಿನ ಲಗೇಜ್ ಆಟೋದ ನೆತ್ತಿಗೆ ಎರಡು ಹಾರನ್ ಕಟ್ಟಿಸಿ, ಮುಂದಿನ ಸೀಟಿನಲ್ಲಿ ಮೈಕ್ ಹಿಡಿದು ಕೂತು ಊರೂರಿಗೆ ಸುದ್ದಿ ಸಾರುವುದು ಅವನ ಕಸುಬು. ಕಣ್ಣಿನ ತಪಾಸಣೆ ಶಿಬಿರ, ಸೀರೆಗಳ ರಿಯಾಯಿತಿ ಮಾರಾಟ, ನಾಳೆ ಬೆಳಿಗ್ಗೆ ಹತ್ತರಿಂದ ಕರೆಂಟ್ ಇರುವುದಿಲ್ಲ, ತಪ್ಪಿಸಿಕೊಂಡ ಎಮ್ಮೆ, ತೀರಿಹೋದ ಯಜಮಾನರು, ಎಲ್ಲಕ್ಕೂ ಅದೇ ಗಂಟಲು. ಒಂದು ಸಲ ರೆಕಾರ್ಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಬಿಟ್ಟರೆ ಅದರ ಪಾಡಿಗೆ ಅದು ಕೂಗಿಕೊಂಡು ಹೋಗುತ್ತದೆ ಎಂದು ಸಿದ್ದರಾಜು ಎಷ್ಟು ಬೇಡಿಕೊಂಡರೂ ಆಮೋಸಯ್ಯ ಒಪ್ಪಿರಲಿಲ್ಲ. ಬೀದಿಯಲ್ಲಿ ಎದುರಾದವರ ಕ್ಷೇಮ ವಿಚಾರಿಸಲು ಪೆನ್‌ಡ್ರೈವ್‌ಗೆ ಬರುತ್ತದೆಯೇ ಎಂಬುದು ಅವನ ಪ್ರಶ್ನೆ. ಅವನು ವಿಚಾರಿಸುತ್ತಿದ್ದ, ಅದೂ ಮೈಕಿನಲ್ಲಿಯೇ. ಬಿಳಿಕೆರೆಯ ಬಸ್ ನಿಲ್ದಾಣದ ಎದುರು ಕಣ್ಣಿನ ಶಿಬಿರದ ತಾರೀಕು ಹೇಳುತ್ತಾ ಹೇಳುತ್ತಾ, ಅಂಗಡಿಯಿಂದ ಇಳಿದು ಬರುತ್ತಿದ್ದ ಬಸವರಾಜುವನ್ನು ಕಂಡು, ಮೂಲವ್ಯಾಧಿ ಈಗ ಹೇಗಿದೆ ಎಂದು ಕೇಳಿಬಿಟ್ಟಿದ್ದ. ಬಸವರಾಜು ಆಮೇಲೆ ಒಂದು ತಿಂಗಳು ಹಿಂದಿನ ಬೀದಿಯಲ್ಲಿ ಓಡಾಡಿದ.

ಭಾನುವಾರ ಆ ಗಂಟಲು ಚರ್ಚಿಗೆ ಬರುತ್ತಿತ್ತು. ಆಮೋಸಯ್ಯನ ತಂದೆ ಹನಗೋಡಿನ ಕಡೆ ಉಪದೇಶಿಯಾಗಿದ್ದವರು. ಪ್ರಾರ್ಥನೆ ಅವನಿಗೆ ರಕ್ತದಲ್ಲೇ ಬಂದದ್ದು. ಹುಣಸೂರಿನ ಸಭೆಯಲ್ಲಿ ಹಿರಿಯನೆಂದು ವಾರಕ್ಕೊಮ್ಮೆ ಅವನಿಗೆ ಪ್ರಾರ್ಥನೆ ಒಪ್ಪಿಸುತ್ತಿದ್ದರು. ಅದು ಸಾಮಾನ್ಯವಾಗಿ ಇಪ್ಪತ್ತೆರಡು ನಿಮಿಷ ಹಿಡಿಯುತ್ತಿತ್ತು. ಭೂಮ್ಯಾಕಾಶಗಳ ಸೃಷ್ಟಿಯಿಂದ ಹೊರಟು, ಬೈಬಲಿನ ಐಗುಪ್ತ ದೇಶದಲ್ಲಿ ಸ್ವಲ್ಪ ಹೊತ್ತು ತಂಗಿ, ಹನ್ನೆರಡನೆಯ ನಿಮಿಷದ ಸುಮಾರಿಗೆ ಹುಣಸೂರು ತಾಲ್ಲೂಕಿನ ಗಡಿ ಮುಟ್ಟುತ್ತಿದ್ದ. ಅಲ್ಲಿಂದ ಮುಂದೆ ಕಾಯಿಲೆಯವರ ಪಟ್ಟಿ. ಯಾರಿಗೆ ಏನು ಕಾಯಿಲೆ, ಯಾವ ಡಾಕ್ಟರು ಏನು ಮಾತ್ರೆ ಕೊಟ್ಟರು, ಅದು ಏಕೆ ನಾಟಲಿಲ್ಲ ಎಂಬುದನ್ನೆಲ್ಲ ದೇವರಿಗೆ ವಿವರವಾಗಿ ತಿಳಿಸುತ್ತಿದ್ದ. ಕಾಯಿಲೆ ಬಿದ್ದವರು ತಮ್ಮ ಹೆಸರು ಅವನ ಕಿವಿಗೆ ಬೀಳದಂತೆ ಎಚ್ಚರವಹಿಸುತ್ತಿದ್ದರು.

ಇಷ್ಟೆಲ್ಲ ಇದ್ದೂ ಅವನ ಬಾಯಲ್ಲಿ ಸದಾ ಇರುತ್ತಿದ್ದ ದೂರು ಒಂದೇ: ಟೈಮ್ ಸಾಲುವುದಿಲ್ಲ. ಮನೆಯಿಂದ ಎಂಟಕ್ಕೆ ಹೊರಟರೆ ಕೂಗಳತೆಯಲ್ಲಿದ್ದ ಬಸ್ ಸ್ಟ್ಯಾಂಡ್ ಮುಟ್ಟುವಾಗ ಹತ್ತಾಗಿರುತ್ತಿತ್ತು. ಸೂರಿನ ಒಡೆದ ಹೆಂಚು ಬದಲಿಸುವುದು, ಹೆಂಡತಿ ಕರುಣಾವತಿಯ ಕಣ್ಣು ತೋರಿಸುವುದು, ನೋಡಲೇಬೇಕಾದವರನ್ನು ನೋಡಿ ಬರುವುದು, ಇವೆಲ್ಲ 'ಬರೋ ವಾರ'ಕ್ಕೆ ಹೋಗಿ ಕೂತಿದ್ದವು. ಕಣ್ಣಿನ ಶಿಬಿರಗಳ ಬಗ್ಗೆ ಅವನು ನಾಲ್ಕು ತಾಲ್ಲೂಕಿಗೆ ಸಾರಿದ್ದರೂ ಕರುಣಾವತಿ ಇನ್ನೂ ಅಕ್ಕಿಯಲ್ಲಿ ಕಲ್ಲನ್ನು ಬೆರಳಲ್ಲೇ ತಡವಿ ಆರಿಸುತ್ತಿದ್ದಳು.

ಅಕ್ಟೋಬರ್ ತಿಂಗಳ ಒಂದು ಮಂಗಳವಾರ ಎಚ್.ಡಿ. ಕೋಟೆಯ ಬೀದಿಯಲ್ಲಿ ನಾಯಿಗಳಿಗೆ ಲಸಿಕೆ ಹಾಕುವ ಸುದ್ದಿ ಸಾರುತ್ತಿದ್ದಾಗ ಆಮೋಸಯ್ಯನ ದನಿ ಮೊದಲು ಕೀರಲಾಯಿತು, ಆಮೇಲೆ ಬರೀ ಗಾಳಿಯಾಯಿತು. ಸಿದ್ದರಾಜು ಆಂಪ್ಲಿಫೈಯರ್ ಕೆಟ್ಟಿತೆಂದು ಆಟೋ ನಿಲ್ಲಿಸಿ, ಇಳಿದು, ವೈರ್ ಎಳೆದು, ಹಾರನ್ ಮೇಲೆ ಎರಡೇಟು ಹಾಕಿ, ಬ್ಯಾಟರಿಯ ತುದಿಗಳನ್ನೆಲ್ಲ ಉಜ್ಜಿ ಬಂದ. ಮೂವತ್ತೆರಡು ವರ್ಷದಲ್ಲಿ ಒಂದು ದಿನವೂ ಕೆಡದ ವಸ್ತು ಕೆಟ್ಟಿದೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಆಮೋಸಯ್ಯ ಅವನ ತೋಳು ಹಿಡಿದು ತನ್ನ ಬಾಯಿ ತೋರಿಸಿದ.

ಮೈಸೂರಿನ ಗಂಟಲಿನ ಡಾಕ್ಟರು ಮೂಗಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಧ್ವನಿ ಹೊರಡುವ ತಂತುವಿನ ಮೇಲೆ ನುಚ್ಚಕ್ಕಿಯಷ್ಟು ಗಾತ್ರದ ಗಂಟು ಕೂತಿತ್ತು. ಭಯಪಡುವಂಥದ್ದಲ್ಲ, ಆದರೆ ಮೂರು ತಿಂಗಳು ದಿನಕ್ಕೆ ಒಟ್ಟು ಹತ್ತೇ ನಿಮಿಷ ಮಾತಾಡಬೇಕು, ಕೂಗುವಂತಿಲ್ಲ, ಹಾಡುವಂತಿಲ್ಲ, ಪಿಸುಗುಟ್ಟುವುದಂತೂ ಇನ್ನೂ ಕೆಟ್ಟದ್ದು, ಕೇಳದಿದ್ದರೆ ಆಪರೇಷನ್ ಮಾಡಬೇಕಾಗುತ್ತದೆ, ಮಾಡಿದ ಮೇಲೆ ಇದೇ ಧ್ವನಿ ಇರುತ್ತದೆಂದು ಮಾತು ಕೊಡಲಾರೆ ಎಂದರು. ಪ್ರಾರ್ಥನೆಯೂ ಹತ್ತರೊಳಗೇ ಬರುತ್ತದೆಯೇ ಎಂದು ಆಮೋಸಯ್ಯ ಗಾಳಿಯಲ್ಲೇ ಕೇಳಿದ.

"ಬಾಯಲ್ಲಿ ಮಾಡಿದ್ರೆ ಬರುತ್ತೆ," ಎಂದರು ಡಾಕ್ಟರು. "ಮನಸ್ಸಲ್ಲಿ ಮಾಡಿಕೊಂಡ್ರೆ ನನ್ನ ಕ್ಯಾಮೆರಾ ಅಲ್ಲಿಗೆ ಹೋಗಲ್ಲ."

ಹುಣಸೂರಿಗೆ ಮರಳುವ ಬಸ್ಸಿನಲ್ಲೇ ಕರುಣಾವತಿ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಎಲ್ಲಿದೆ ಎಂದು ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿಯಿಂದ ಹೇಳಿಸಿಕೊಂಡಳು. ಮೂವತ್ನಾಲ್ಕು ವರ್ಷದ ದಾಂಪತ್ಯದಲ್ಲಿ ಗಂಡನ ಬಾಯಿಗೆ ತಾನು ಯಜಮಾನಿಯಾಗುವ ದಿನ ಬರುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಅವನು ಬಾಯಿ ತೆರೆದರೆ ಒತ್ತುವುದು, ಮುಚ್ಚಿದರೆ ಇನ್ನೊಮ್ಮೆ ಒತ್ತುವುದು. ಕೆಮ್ಮು ಲೆಕ್ಕಕ್ಕಿಲ್ಲವೆಂದು ತೀರ್ಮಾನವಾಯಿತು.

ಮೊದಲ ದಿನದ ಹತ್ತು ನಿಮಿಷ ಬೆಳಿಗ್ಗೆ ಆರೂಮುಕ್ಕಾಲಿಗೆ ಖರ್ಚಾಯಿತು. ತಾನು ಇನ್ನು ದಿನಕ್ಕೆ ಹತ್ತೇ ನಿಮಿಷ ಮಾತಾಡತಕ್ಕದ್ದು ಎಂಬುದನ್ನು ಹಾಲಿನವನಿಗೆ, ಪೇಪರಿನವನಿಗೆ, ಎದುರುಮನೆಯ ಸರ್ವಮಂಗಳಮ್ಮನಿಗೆ ವಿವರಿಸುವಷ್ಟರಲ್ಲಿ ಮುಗಿಯಿತು. ಎರಡನೆಯ ದಿನ ಪಕ್ಕದಲ್ಲಿ ಹಿಂಡಿ-ಬೂಸಾ ಅಂಗಡಿ ಇಟ್ಟಿದ್ದ ನೀಲಕಂಠಸ್ವಾಮಿ ಬಂದು, ಡಾಕ್ಟರು ಹೇಳಿದ್ದು ಒಂದು ಹೊತ್ತಿಗೆ ಹತ್ತು ನಿಮಿಷ ಇರಬೇಕು, ದಿನಕ್ಕಿರಲಾರದು ಎಂದು ವಾದ ತೆಗೆದ. ಅಲ್ಲ, ದಿನಕ್ಕೇ, ಎಂದು ಸಾಧಿಸುವುದರಲ್ಲಿ ಆ ದಿನದ್ದೂ ಹೋಯಿತು. ಆಮೋಸಯ್ಯ ವಾದ ಗೆದ್ದಿದ್ದ. ಗೆದ್ದೆ ಎಂದು ಹೇಳಲು ಒಂದು ಸೆಕೆಂಡೂ ಉಳಿದಿರಲಿಲ್ಲ. ಮೂರನೆಯ ದಿನ ಯಾರೋ ಹುಡುಗಿ ಫೋನ್ ಮಾಡಿ ಕ್ರೆಡಿಟ್ ಕಾರ್ಡ್ ಬೇಕೇ ಎಂದಳು. ಬೇಡ ಎನ್ನಲು ಅವನಿಗೆ ಏಳು ನಿಮಿಷ ಬೇಕಾಯಿತು, ಏಕೆಂದರೆ ಅವಳ ಊರು ಯಾವುದು, ತಂದೆ ಏನು ಮಾಡುತ್ತಾರೆ ಎಂಬುದನ್ನು ಕೇಳದೆ ಅವನು ಯಾರಿಗೂ ಇಲ್ಲವೆಂದವನಲ್ಲ.

ನಾಲ್ಕನೆಯ ದಿನ ಹಟ ಹಿಡಿದು ಸಂಜೆಯವರೆಗೆ ತುಟಿ ಬಿಚ್ಚಲಿಲ್ಲ. ಆರು ಗಂಟೆಗೆ ಹತ್ತಕ್ಕೆ ಹತ್ತೂ ನಿಮಿಷ ಕೈಯಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಜರ್ಬಾಗಿ ಕೂತ. ಕರುಣಾವತಿ ಸ್ಟಾಪ್‌ವಾಚ್ ಹಿಡಿದು ಎದುರು ಕೂತಳು. ಆಡಲು ಒಂದು ಮಾತೂ ಬರಲಿಲ್ಲ. ಕೊನೆಗೆ, ಮಧ್ಯಾಹ್ನದ ಸಾರಿಗೆ ಉಪ್ಪು ಒಂದು ಕಲ್ಲು ಹೆಚ್ಚಾಗಿತ್ತು ಎಂದ. ಉಳಿದದ್ದನ್ನು ನಾಳೆಗೆ ಸೇರಿಸಿಕೊಳ್ಳಬಹುದೇ ಎಂದೂ ಕೇಳಿದ.

"ಆಗಲ್ಲ ಕಣ್ರೀ," ಎಂದಳು ಕರುಣಾವತಿ. "ಇದು ದೇವರು ಅರಣ್ಯದಲ್ಲಿ ದಿನಾ ಸುರಿಸ್ತಿದ್ದ ಮನ್ನ ಇದ್ದ ಹಾಗೆ. ನಾಳೆಗೆ ಅಂತ ಎತ್ತಿಟ್ರೆ ಹುಳ ಬೀಳುತ್ತೆ."

ಅಷ್ಟರಲ್ಲಿ ಸಿದ್ದರಾಜು ತನ್ನ ಪಾಡಿಗೆ ತಾನು ದಾರಿ ಕಂಡುಕೊಂಡಿದ್ದ. ವರ್ಷಗಳಿಂದ ಆಮೋಸಯ್ಯನಿಗೆ ತಿಳಿಯದಂತೆ ಅವನು ಸಾರಿದ್ದನ್ನೆಲ್ಲ ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದವನು ಈಗ ಅದನ್ನೇ ಹಾಕಿಕೊಂಡು ಹೊರಟ. ಬಸ್ ಸ್ಟ್ಯಾಂಡಿನಲ್ಲಿ ಆಮೋಸಯ್ಯ ಕತ್ತಿಗೆ ಮಫ್ಲರ್ ಸುತ್ತಿ ತುಟಿ ಬಿಗಿದು ನಿಂತಿದ್ದರೆ, ಅವನದೇ ಗಂಟಲು ಒಂದು ಕೊಂಡರೆ ಒಂದು ಉಚಿತ ಎಂದು ಕೂಗುತ್ತಾ ಮುಂದಿನಿಂದ ಹಾದುಹೋಗುತ್ತಿತ್ತು. ಸೊಪ್ಪು ಮಾರುವ ಮರಮ್ಮ, ಅದೋ ನಿನ್ ಗಂಟ್ಲು ಆಕಡೆ ಹೋಯ್ತಾ ಅದೆ, ಓಡೋಗಿ ಹಿಡ್ಕೊ ಎಂದು ತೋರಿಸಿದಳು. ಇನ್ನೂ ಅವಮಾನದ ಸಂಗತಿಯೆಂದರೆ, ಆ ಆಟೋ ಈಗ ಒಂದೇ ದಿನದಲ್ಲಿ ಮೂರು ತಾಲ್ಲೂಕು ಮುಗಿಸಿ, ಮಧ್ಯಾಹ್ನದ ಊಟಕ್ಕೆ ಮನೆಗೂ ಬರುತ್ತಿತ್ತು.

ಆಮೋಸಯ್ಯನಿಗೆ ನಿಜವಾಗಿ ದಿಗಿಲಾದದ್ದು ಬೇರೆ ಕಾರಣಕ್ಕೆ. ಹೇಗೂ ಮನಸ್ಸಿನಲ್ಲಿ ಮಾಡುವುದಕ್ಕೆ ಲೆಕ್ಕವಿಲ್ಲವಲ್ಲ ಎಂದು ಮುಂಜಾನೆ ಎದ್ದು ಹಿತ್ತಲ ಕಡೆಯ ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತರೆ, ಪ್ರಾರ್ಥನೆ ಎರಡು ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಮೊದಲ ದಿನ ಏನೋ ಮರೆತಿದ್ದೇನೆ ಎಂದುಕೊಂಡು ಮತ್ತೆ ಸೃಷ್ಟಿಯಿಂದ ಶುರುಮಾಡಿದ. ಆಗಲೂ ಐಗುಪ್ತ ದೇಶ ಬೇಕೆನಿಸಲಿಲ್ಲ. ಯಾರ ಮಾತ್ರೆ ಯಾಕೆ ನಾಟಲಿಲ್ಲ ಎಂಬುದನ್ನು ದೇವರಿಗೆ ಹೇಳುವುದೂ ಅಗತ್ಯವೆನಿಸಲಿಲ್ಲ. ಹಾಗಾದರೆ ಮಿಕ್ಕ ಇಪ್ಪತ್ತು ನಿಮಿಷ ಇಷ್ಟು ವರ್ಷ ಯಾರಿಗೆ ಹೇಳುತ್ತಿದ್ದೆ ಎಂಬ ಪ್ರಶ್ನೆ ಎದ್ದಿತು. ಅವನು ಅದಕ್ಕೆ ಉತ್ತರ ಹುಡುಕಲು ಹೋಗದೆ ಹಲ್ಲುಜ್ಜಲು ಹೋದ.

ಮೂರನೆಯ ವಾರ ಸಭಾಪಾಲಕಿ ರೆವರೆಂಡ್ ಆಶಾರಾಣಿ ಮನೆಗೆ ಬಂದರು. ಮೂವತ್ತೈದರ ಹೆಣ್ಣುಮಗಳು, ಸ್ಕೂಟರಿನಲ್ಲಿ ಮೂರು ಊರಿನ ಸಭೆಗಳನ್ನು ನೋಡಿಕೊಳ್ಳುತ್ತಿದ್ದವರು, ಹೆಲ್ಮೆಟ್ ತೆಗೆಯುತ್ತಲೇ ಮಾತು ಶುರುಮಾಡುವವರು. ಆಮೋಸಯ್ಯ ಹಳೆಯ ಕರಪತ್ರದ ಹಿಂಬದಿಯಲ್ಲಿ ತನ್ನ ದುಃಖವನ್ನೆಲ್ಲ ಬರೆದು ತೋರಿಸಿದ. ದೇವರೇ ಕೊಟ್ಟ ವರವನ್ನು ದೇವರೇ ಕಿತ್ತುಕೊಂಡದ್ದು ಏಕೆ, ಹತ್ತು ನಿಮಿಷದಲ್ಲಿ ಮನುಷ್ಯ ಏನು ತಾನೇ ಸೇವೆ ಮಾಡಬಲ್ಲ ಎಂದು ಅದರಲ್ಲಿತ್ತು. ಆಶಾರಾಣಿ ಕಾಫಿ ಕುಡಿಯುತ್ತಾ ಪೂರ್ತಿ ಓದಿದರು.

"ನಿಮ್ಮನ್ನ ನೋಡಿದ್ರೆ ನನಗೆ ಹೊಟ್ಟೆಕಿಚ್ಚು, ಅಂಕಲ್," ಎಂದರು. "ನಿಮಗಾದ್ರೆ ಎಷ್ಟು ಉಳಿದಿದೆ ಅಂತ ಡಾಕ್ಟರ್ ಲೆಕ್ಕ ಹೇಳಿದ್ದಾರೆ. ನಮಗೆ ಯಾರೂ ಹೇಳಿಲ್ಲ, ಅಷ್ಟೇ ವ್ಯತ್ಯಾಸ. ಹೇಳಿಲ್ಲ ಅಂತ ನಾವು ಬೇಕಾದಷ್ಟಿದೆ ಅಂದ್ಕೊಂಡಿದೀವಿ."

ದಿನಗಳನ್ನು ಎಣಿಸುವ ಬುದ್ಧಿ ಕೊಡು ಎಂದು ಪ್ರವಾದಿ ಮೋಶೆಯಂಥವನೇ ದೇವರಲ್ಲಿ ಬೇಡಿಕೊಂಡ, ಎಣಿಸುವುದೆಂದರೆ ಉಳಿಸಿ ಗಂಟು ಕಟ್ಟುವುದಲ್ಲ, ಯಾವುದಕ್ಕೆ ಕೊಡಬೇಕೆಂದು ತಿಳಿಯುವುದು ಎಂದು ಅವರು ಹೇಳಿದರು. ಈ ಬಾಯಿಂದಲೇ ಆಗಬೇಕಾದ ಮಾತು ಯಾವುವು, ಯಾರಿಗೆ, ಎಂದು ಒಂದು ಪಟ್ಟಿ ಮಾಡಲು ಹೇಳಿ, ಮಿಕ್ಕಿದ್ದನ್ನು ಬೇರೆಯವರು ಆಡಿಕೊಳ್ಳುತ್ತಾರೆ ಬಿಡಿ ಎಂದರು. ಹೊರಡುವಾಗ ಪ್ರಾರ್ಥನೆ ಮಾಡಿದರು. ಅದು ಒಂದೂಕಾಲು ನಿಮಿಷ ಇತ್ತು. ಅವರು ಅತ್ತ ಹೋದ ಮೇಲೆ ಕರುಣಾವತಿ ಅದನ್ನೂ ಅಳೆದಿದ್ದೆನೆಂದು ಒಪ್ಪಿಕೊಂಡಳು.

ಆಮೋಸಯ್ಯನ ಪಟ್ಟಿಯಲ್ಲಿ ನಲವತ್ತಮೂರು ಬಾಬತ್ತುಗಳಾದವು. ಬೀದಿಯ ಚರಂಡಿ ಯಾವ ದಿಕ್ಕಿಗೆ ಹರಿಯಬೇಕು ಎಂದು ಪುರಸಭೆಯವರಿಗೆ ಹೇಳುವುದು, ಬೂಸಾ ಮೂಟೆ ಜೋಡಿಸುವ ಸರಿಯಾದ ಕ್ರಮವನ್ನು ನೀಲಕಂಠಸ್ವಾಮಿಗೆ ಹೇಳುವುದು, ಸರ್ವಮಂಗಳಮ್ಮನ ಮಗ ಸೋಮಶೇಖರ್ ಎಂಥ ಹುಡುಗಿಯನ್ನು ನೋಡಬೇಕು ಎಂಬುದು, ಹೀಗೆ. ಕರುಣಾವತಿ ಕಣ್ಣಿಗೆ ತೀರ ಹತ್ತಿರ ಹಿಡಿದು ಓದುತ್ತಾ, ತರಕಾರಿ ಹೆಚ್ಚಿದಂತೆ ಒಂದೊಂದನ್ನೇ ಪೆನ್ಸಿಲಿನಿಂದ ಕೊಯ್ದು ಹಾಕಿದಳು. ಉಳಿದವು ನಾಲ್ಕೋ ಐದೋ. ಅದರ ಕೊನೆಯಲ್ಲಿ ಅವಳೇ ಒಂದು ಹೆಸರು ಬರೆದಳು: ದೊಡ್ಡಮಾದಯ್ಯ, ಹನಗೋಡು. ಆಮೋಸಯ್ಯ ಅದನ್ನು ನೋಡಿ ಕಾಗದವನ್ನು ಮಡಿಸಿಟ್ಟ.

ಪಟ್ಟಿಯ ಮಿಕ್ಕ ಕೆಲಸಗಳು ಅಂಥ ಕಷ್ಟವಾಗಲಿಲ್ಲ. ಹೆಂಚಿನವನಿಗೆ ಬಾ ಎನ್ನಲು ಹನ್ನೊಂದು ಸೆಕೆಂಡ್ ಸಾಕಾಯಿತು. ಎಂಟು ವರ್ಷದಿಂದ ಅದಕ್ಕೇ ಪುರುಸೊತ್ತಾಗಿರಲಿಲ್ಲ. ಕರುಣಾವತಿಯ ಕಣ್ಣು ತೋರಿಸಿ ಕನ್ನಡಕ ಬಂತು. ಕನ್ನಡಕ ಹಾಕಿಕೊಂಡು ಅವಳು ಗಂಡನನ್ನು ನೋಡಿ, ನಿಮಗೆ ಇಷ್ಟೊಂದು ವಯಸ್ಸಾಗಿದೆ ಅಂತ ಗೊತ್ತಿರಲಿಲ್ಲ ಎಂದಳು. ಉತ್ತರ ಕೊಡಲು ಆ ದಿನದ ನಿಮಿಷಗಳು ಮುಗಿದಿದ್ದವು. ಸಂಜೆಯ ಹೊತ್ತು ಅವನು ಸುಮ್ಮನೆ ಕೂತಿರುವುದು ಅಭ್ಯಾಸವಾದಂತೆ ಅವಳೇ ಮಾತಾಡತೊಡಗಿದಳು. ತಾನು ಕಾಫಿಗೆ ಸಕ್ಕರೆ ಬಿಟ್ಟು ಆರು ವರ್ಷವಾಯಿತೆಂದೂ, ಬದನೆಕಾಯಿ ತನಗೆ ಹುಟ್ಟಿನಿಂದಲೇ ಸೇರದೆಂದೂ, ಅವನು ಇಷ್ಟಪಡುತ್ತಾನೆಂದು ವಾರಕ್ಕೆರಡು ಸಲ ಮಾಡುತ್ತಿದ್ದೇನೆಂದೂ ಅವನಿಗೆ ತಿಳಿಯಿತು. ಅವನಿಗೂ ಬದನೆಕಾಯಿ ಅಷ್ಟೇನೂ ಇಷ್ಟವಿರಲಿಲ್ಲ. ಅವಳು ಕಷ್ಟಪಟ್ಟು ಮಾಡುತ್ತಾಳಲ್ಲ ಎಂದು ತಿನ್ನುತ್ತಿದ್ದ. ಇದನ್ನು ಹೇಳಲು ಅವನು ಮರುದಿನದ ಅರ್ಧ ನಿಮಿಷ ಕೊಟ್ಟ. ಆ ಮನೆಯಲ್ಲಿ ಬದನೆಕಾಯಿಯ ಕಾಲ ಅಲ್ಲಿಗೆ ಮುಗಿಯಿತು.

ಪಟ್ಟಿಯಲ್ಲಿ ಉಳಿದದ್ದು ಆ ಕೊನೆಯ ಹೆಸರು.

ದೊಡ್ಡಮಾದಯ್ಯ ಆಮೋಸಯ್ಯನ ಬಾಲ್ಯದ ಗೆಳೆಯ. ಹನಗೋಡಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಓದಿ, ಲಕ್ಷ್ಮಣತೀರ್ಥ ಹೊಳೆಯಲ್ಲಿ ಈಜು ಕಲಿತು, ಒಂದೇ ತೋಟದಲ್ಲಿ ಸೀಬೆಹಣ್ಣು ಕದ್ದವರು. ಏಳು ವರ್ಷದ ಹಿಂದೆ ಒಂದು ಬೆಳಿಗ್ಗೆ ಸಾವಿನ ಸುದ್ದಿ ಸಾರಲು ಒಂದು ಚೀಟಿ ಬಂದಿತ್ತು. 'ದೊಡ್ಡಮಾದಯ್ಯ, ಹನಗೋಡು ಹೋ.' ಎಂದು ಬರೆದಿತ್ತು. ತೀರಿಕೊಂಡವರು ಹನಗೋಡು ಹೋಬಳಿಯ ಇನ್ನೊಂದು ಹಳ್ಳಿಯ ಬೇರೆ ದೊಡ್ಡಮಾದಯ್ಯ. ಹಳ್ಳಿಯ ಹೆಸರು ಕಾಗದದ ಮಡಿಕೆಯಲ್ಲಿ ಅಳಿಸಿಹೋಗಿತ್ತು. 'ಹೋ' ಎಂಬ ಒಂದಕ್ಷರವನ್ನು ಆಮೋಸಯ್ಯ ಗಮನಿಸಲಿಲ್ಲ. ಹನಗೋಡಿನ ಬೀದಿಬೀದಿಯಲ್ಲಿ, ಮೈಕಿನಲ್ಲಿ, ಗದ್ಗದ ಕಂಠದಿಂದ ಗೆಳೆಯನ ಗುಣಗಾನ ಮಾಡಿ, ಸಂಜೆ ನಾಲ್ಕಕ್ಕೆ ಅಂತ್ಯಕ್ರಿಯೆ ಎಂದು ಸಾರಿದ. ದೊಡ್ಡಮಾದಯ್ಯ ಆಗ ಟೀ ಅಂಗಡಿಯಲ್ಲಿ ಕೂತು, ಕೈಯಲ್ಲಿ ಲೋಟ ಹಿಡಿದು, ತನ್ನ ಸದ್ಗುಣಗಳನ್ನು ಕೇಳುತ್ತಿದ್ದ.

ಅದಾದ ವಾರಕ್ಕೆ ಹುಣಸೂರಿನ ಸಂತೆಯಲ್ಲಿ ಸಿಕ್ಕಾಗ ಆಮೋಸಯ್ಯ ಚೀಟಿಯನ್ನು ಹಿಡಿದು ಅರ್ಧ ಗಂಟೆ ವಿವರಿಸಿದ್ದ: ಕೈಬರಹ ಎಂಥದ್ದಿತ್ತು, ಮಡಿಕೆ ಎಲ್ಲಿತ್ತು, ಒಂದೇ ಹೆಸರಿನವರು ಒಂದು ಹೋಬಳಿಯಲ್ಲಿ ಎಷ್ಟು ಜನ ಇರಬಹುದು. ವಿವರಣೆ ಇನ್ನೂ ಅರ್ಧದಲ್ಲಿರುವಾಗಲೇ ದೊಡ್ಡಮಾದಯ್ಯ ಎದ್ದು ನಡೆದಿದ್ದ. ಆಮೇಲೆ ಮಾತಿಲ್ಲ. ಪುರಾವೆ ಬೇಕಾಗಬಹುದೆಂದು ಆಮೋಸಯ್ಯ ಆ ಚೀಟಿಯನ್ನು ಏಳು ವರ್ಷದಿಂದ ಪರ್ಸಿನಲ್ಲಿ ಇಟ್ಟುಕೊಂಡೇ ಇದ್ದ.

ಡಿಸೆಂಬರಿನ ಒಂದು ಬುಧವಾರ ಅವನು ಹನಗೋಡಿನ ಬಸ್ ಹತ್ತಿದ. ಮಫ್ಲರ್, ಧೂಳಿಗೆಂದು ಮಾಸ್ಕ್, ಜೇಬಿನಲ್ಲಿ ಚೀಟಿ, ಕೈಯಲ್ಲಿ ತನ್ನದೇ ಮೊಬೈಲು, ಅದರಲ್ಲಿ ಮುಟ್ಟದ ಹತ್ತು ನಿಮಿಷ. ಕಂಡಕ್ಟರು ಎಲ್ಲಿಗೆ ಎಂದಾಗ ಊರಿನ ಹೆಸರು ಬರೆದ ಕಾಗದ ತೋರಿಸಿದ. ಮಾತು ಬಾರದವನೆಂದು ತಿಳಿದ ಕಂಡಕ್ಟರು ಮರುಕಪಟ್ಟು, ಕಿವಿಯೂ ಕೇಳಿಸದೆಂದು ಊಹಿಸಿ, ಹನಗೋಡು ಬಂದಾಗ ಇಡೀ ಬಸ್ಸು ಬೆಚ್ಚುವಂತೆ ಅವನ ಕಿವಿಯಲ್ಲಿ ಕೂಗಿ ಇಳಿಸಿದ.

ಮನೆಯ ಬಾಗಿಲಲ್ಲಿ ದೊಡ್ಡಮಾದಯ್ಯನ ಹೆಂಡತಿ ಬೀರಮ್ಮ ನಿಂತಿದ್ದಳು. ಅವಳ ಕಿವಿ ಈಚೆಗೆ ಪೂರ್ತಿ ಮಂದವಾಗಿತ್ತು. ಅದು ಆಮೋಸಯ್ಯನಿಗೆ ಗೊತ್ತಿರಲಿಲ್ಲ. ಅವನು ಸ್ಟಾಪ್‌ವಾಚ್ ಒತ್ತಿ, ಮಾದಯ್ಯ ಇದ್ದಾನೆಯೇ ಎಂದ. ಬೀರಮ್ಮ ಒಳಗೆ ಹೋಗಿ ಮೊರದಲ್ಲಿ ಒಂದು ಸೇರು ರಾಗಿ ತಂದು, ಚೀಲ ಒಡ್ಡು ಎಂದಳು. ಬೇಡ, ನಾನು ಹುಣಸೂರಿನಿಂದ ಬಂದಿದ್ದೇನೆ ಎಂದ. ಅವಳು ಇನ್ನೊಂದು ಬೊಗಸೆ ಸೇರಿಸಿದಳು. ಕೂಗುವಂತಿಲ್ಲ. ಕೂಗದೆ ಹೇಳಿದ್ದು ಕೇಳುವಂತಿಲ್ಲ. ತಾನು ಯಾರು, ಯಾರ ಮಗ, ಎಲ್ಲಿ ಈಜು ಕಲಿತವನು ಎಂದೆಲ್ಲ ಹೇಳಿ ಹೇಳಿ ಆರು ನಿಮಿಷ ನಲವತ್ತು ಸೆಕೆಂಡ್ ಮಣ್ಣುಪಾಲಾದ ಮೇಲೆ ಮಾಸ್ಕ್ ಕೆಳಗೆಳೆಯುವ ಬುದ್ಧಿ ಬಂತು. ಬೀರಮ್ಮನ ಮುಖ ಅರಳಿತು.

"ಅಯ್ಯೋ, ಸಾವು ಸಾರೋ ಆಮೋಸಣ್ಣ," ಎಂದಳು. "ಈಗ್ಯಾರ್ ಸತ್ರು?"

ದೊಡ್ಡಮಾದಯ್ಯ ಹಿತ್ತಲಲ್ಲಿ ಗೋಣಿತಾಟು ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದ. ತಲೆ ಎತ್ತಿ ನೋಡಿದ, ಮತ್ತೆ ಕಾಯಿಗೆ ಕೈ ಹಾಕಿದ. ಆಮೋಸಯ್ಯ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಪರ್ಸಿನಿಂದ ಚೀಟಿ ತೆಗೆದ. ಬಸ್ಸಿನಲ್ಲಿ ಅವನು ಕಟ್ಟಿಕೊಂಡು ಬಂದಿದ್ದ ವಿವರಣೆಗೆ ಎಂಟು ನಿಮಿಷ ಬೇಕಿತ್ತು. ಉಳಿದಿದ್ದದ್ದು ಮೂರೂ ಚಿಲ್ಲರೆ. ನೋಡು ಮಾದ, ಈ ಮಡಿಕೆ ಇದೆಯಲ್ಲ, ಎಂದು ಶುರುಮಾಡಿದ. ಗೆಳೆಯನ ದವಡೆ ಬಿಗಿಯುವುದು ಕಾಣಿಸಿತು. ಮೊಬೈಲಿನಲ್ಲಿ ಅಂಕಿಗಳು ಓಡುತ್ತಿದ್ದವು. ಮಡಿಕೆಗೆ ಒಂದೂವರೆ ನಿಮಿಷ, ಕೈಬರಹಕ್ಕೆ ಒಂದೂವರೆ ನಿಮಿಷ ಕೊಟ್ಟರೆ ಆಮೇಲೆ ಹೇಳಬೇಕಾದದ್ದಕ್ಕೆ ಏನೂ ಮಿಗುವುದಿಲ್ಲ ಎಂಬುದು ಅವನಿಗೆ ಆಗ ಎಣಿಕೆಗೆ ಸಿಕ್ಕಿತು. ಸಂತೆಯಲ್ಲಿ ಆ ದಿನ ಅರ್ಧ ಗಂಟೆ ಮಾತಾಡಿದ್ದರೂ ಅದನ್ನು ಹೇಳಿರಲಿಲ್ಲ ಎಂಬುದೂ ನೆನಪಾಯಿತು. ಚೀಟಿಯನ್ನು ಅಂಗೈಯಲ್ಲಿ ಮುದುರಿಕೊಂಡ.

"ತಪ್ಪು ನಂದು ಕಣ್ಲಾ ಮಾದ," ಎಂದ. "ಸಾರಿದ್ದು ತಪ್ಪು. ಆಮೇಲೆ ಸಮಜಾಯಿಷಿ ಹೇಳ್ಕೊಂಡು ತಿರುಗಿದ್ದು ಅದಕ್ಕಿಂತ ದೊಡ್ಡ ತಪ್ಪು."

ಹೇಳಿ ಮೊಬೈಲ್ ಒತ್ತಿದ. ದೊಡ್ಡಮಾದಯ್ಯ,  ಅದೇನು ಗಳಿಗೆಗೊಮ್ಮೆ ಒತ್ತುವುದು ಎಂದು ಕೇಳಿದ. ಆಮೋಸಯ್ಯ ಡಾಕ್ಟರ ಕಟ್ಟಳೆಯನ್ನು ಬರೆದುಕೊಂಡಿದ್ದ ಕಾಗದವನ್ನು ಮುಂದೆ ಹಿಡಿದ. ದೊಡ್ಡಮಾದಯ್ಯ ಅದನ್ನು ದೂರ ಹಿಡಿದು ಅಕ್ಷರ ಕೂಡಿಸಿ ಓದಿದ. ಓದಿ ಮುಗಿಸಿ ಅವನ ಮುಖ ನೋಡಿದ. ಹತ್ತು ನಿಮಿಷವಾ, ನಿನಗಾ, ಎಂದು ಎರಡು ಸಲ ಕೇಳಿ, ಆಮೇಲೆ ಮಡಿಲಿನ ಅವರೆಕಾಯೆಲ್ಲ ಚೆಲ್ಲುವಂತೆ ನಗತೊಡಗಿದ. ಬೀರಮ್ಮ ಏನಾಯಿತೆಂದು ಓಡಿ ಬಂದಳು. ನಗು ನಿಂತ ಮೇಲೆ ಅವನು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡು ಕೆಳಗೆ ನೋಡುತ್ತಾ ಹೇಳಿದ.

"ಚೀಟಿ ಇಸ್ಯ ಬುಡ್ಲಾ. ಒಂದೇ ಎಸ್ರು ಇದ್ರೆ ಅಂಗಾಯ್ತದೆ. ಸತ್ತೆ ಅಂತ ಸಾರಿದ್ದಕ್ಕೆ ನಂಗೇನ್ ಬ್ಯಾಸ್ರ ಇಲ್ಲ. ಕ್ವಾಟೆಯಿಂದ ನೆಂಟ್ರು ಬಂದ್ರು, ಪಿರಿಯಾಪಟ್ಣದಿಂದ ಮಗಳು ಅಡ್ಗೆ ಒಲೆ ಮ್ಯಾಲೇ ಬುಟ್ಟು ಬಂದ್ಲು. ನೀನು ನಮ್ ಬೀದಿ ಮುಂದ್ಲಿಂದ್ಲೇ ಆಟೋದಾಗೆ ಹೋದೆ. ಅಷ್ಟು ಅತ್ಗೊಂಡು ಸಾರ್ದೋನು, ಇಳ್ದು ಬಂದು ಒಂದ್ಸಲ ಮೊಕ ನೋಡ್ಲಿಲ್ವಲ್ಲ."

ಆಮೋಸಯ್ಯನಿಗೆ ಆ ಬೆಳಿಗ್ಗೆ ಕಣ್ಣಿಗೆ ಕಟ್ಟಿತು. ಪಿರಿಯಾಪಟ್ಟಣದಲ್ಲಿ ಹನ್ನೆರಡರೊಳಗೆ ಸೀರೆ ಮಾರಾಟದ ಸುದ್ದಿ ಸಾರಬೇಕಿತ್ತು. ಗೆಳೆಯನ ಮನೆಯ ತಿರುವಿನಲ್ಲಿ ಸಿದ್ದರಾಜು ಆಟೋ ನಿಧಾನ ಮಾಡಿ, ಇಳಿಯುತ್ತೀರಾ ಎಂದು ಕೇಳಿಯೂ ಇದ್ದ. ಟೈಮಿಲ್ಲ, ಸಂಜೆ ಬರೋಣ ನಡಿ ಎಂದವನು ತಾನೇ. ಒಂದು ನಿಮಿಷ ಇಳಿದಿದ್ದರೆ ಸಾಕಿತ್ತು. ಜೀವಂತವಿರುವ ಗೆಳೆಯನನ್ನು ಕಂಡು ಅಲ್ಲೇ ನಕ್ಕುಬಿಡಬಹುದಿತ್ತು.

ಅವನ ಹತ್ತಿರ ಇನ್ನೂ ಎರಡು ನಿಮಿಷ ಮಿಕ್ಕಿತ್ತು. ಅದನ್ನು ಅವನು ಮುಟ್ಟಲಿಲ್ಲ. ಗೋಣಿತಾಟಿನ ಮೇಲೆ ಸರಿದು ಕೂತು ಒಂದು ಬೊಗಸೆ ಅವರೆಕಾಯಿ ಎಳೆದುಕೊಂಡು ಸುಲಿಯತೊಡಗಿದ. ದೊಡ್ಡಮಾದಯ್ಯ, ಹುಳುಕು ಬಿದ್ದದ್ದನ್ನು ಬೇರೆ ಹಾಕು ಎಂದ. ಆಮೇಲೆ ಏಳು ವರ್ಷದ ಸುದ್ದಿ ಒಂದೊಂದಾಗಿ ಹೊರಬಂತು. ಎಮ್ಮೆ ಮಾರಿದ್ದು, ಬೋರ್‌ವೆಲ್ ಕೈಕೊಟ್ಟದ್ದು, ಮಂಡಿ ನೋವು, ಮೊಮ್ಮಗಳು ಐಶ್ವರ್ಯ ಶಾಲೆಯಲ್ಲಿ ಓಟದಲ್ಲಿ ಗೆದ್ದದ್ದು, ಅಂತ್ಯಕ್ರಿಯೆಗೆಂದು ತಂದ ಹಾರಗಳನ್ನು ಏನು ಮಾಡುವುದೆಂದು ತಿಳಿಯದೆ ಎಮ್ಮೆಗೆ ಹಾಕಿದ್ದು. ಎರಡೂವರೆ ಗಂಟೆ ಅವನೊಬ್ಬನೇ ಮಾತಾಡಿದ. ಆಮೋಸಯ್ಯನ ಜೀವಮಾನದಲ್ಲಿ ಅಷ್ಟು ಹೊತ್ತು ಇನ್ನೊಬ್ಬರ ಮಾತು ಕೇಳಿದ್ದು ಅದೇ ಮೊದಲು. ಮುದ್ದೆಯೂ ಅವರೆಕಾಳಿನ ಸಾರೂ ಉಂಡು, ಬೀರಮ್ಮ ಬಿಡದೆ ಕಟ್ಟಿಕೊಟ್ಟ ಆ ರಾಗಿಯನ್ನೂ ಹೊತ್ತು ಮಧ್ಯಾಹ್ನದ ಬಸ್ ಹಿಡಿದ.

ಜನವರಿಯಲ್ಲಿ ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿ ನೋಡಿ, ಗಂಟು ಕರಗಿದೆ, ಇನ್ನು ಮಿತವಾಗಿ ಮಾತಾಡಬಹುದು ಎಂದರು. ಧ್ವನಿ ಮರಳಿತು, ಹಿಂದಿಗಿಂತ ಒಂದು ಮೆಟ್ಟಿಲು ಕೆಳಗೆ. ಆಮೋಸಯ್ಯ ಸಂತನಾದನೆಂದು ಯಾರೂ ತಿಳಿಯಬಾರದು. ಮೊದಲ ವಾರವೇ ನೀಲಕಂಠಸ್ವಾಮಿಯ ಅಂಗಡಿಯಲ್ಲಿ ಮೂಟೆ ಜೋಡಿಸುವ ಕ್ರಮದ ಬಗ್ಗೆ ಒಂದು ಗಂಟೆ ಹತ್ತು ನಿಮಿಷ ಮಾತಾಡಿ ಮೂರು ತಿಂಗಳ ಬಾಕಿ ತೀರಿಸಿದ. ಆದರೆ ಸೀರೆ, ಶಿಬಿರ, ಕರೆಂಟಿನ ಸುದ್ದಿಗಳನ್ನೆಲ್ಲ ಪೆನ್‌ಡ್ರೈವ್‌ಗೇ ಬಿಟ್ಟುಕೊಟ್ಟ. ಸಾವಿನ ಸುದ್ದಿ ಮಾತ್ರ ತಾನೇ ಸಾರುತ್ತಾನೆ. ಮೊದಲು ಸತ್ತವರ ಮನೆಗೆ ಹೋಗಿ, ಇಳಿದು, ಮುಖ ನೋಡಿ, ಮನೆಯವರ ಜೊತೆ ಸ್ವಲ್ಪ ಹೊತ್ತು ಕೂತು, ಆಮೇಲೆ ಮೈಕ್ ಹಿಡಿಯುತ್ತಾನೆ. ಇದರಿಂದ ಡೀಸೆಲ್ಲೂ ಹೊತ್ತೂ ಎರಡೂ ದಂಡ ಎಂದು ಸಿದ್ದರಾಜು ಗೊಣಗುತ್ತಾನೆ. ಆಮೋಸಯ್ಯ ಬಂದು ನೋಡಿ ಒಪ್ಪಿದ ಮೇಲೇ ಸತ್ತದ್ದು ಖಾತ್ರಿ ಎಂದು ಜನ ಆಡಿಕೊಳ್ಳುತ್ತಾರೆ.

ಅದೇ ತಿಂಗಳ ಕೊನೆಯ ಭಾನುವಾರ ಚರ್ಚಿನಲ್ಲಿ ಸುಗ್ಗಿ ಹಬ್ಬ. ಬಲಿಪೀಠದ ಮುಂದೆ ಕುಂಬಳಕಾಯಿ, ಕಬ್ಬು, ಭತ್ತದ ತೆನೆ, ಕಾಲು ಕಟ್ಟಿದ ಎರಡು ಕೋಳಿ. ಆಶಾರಾಣಿ ಧೈರ್ಯ ಮಾಡಿ ಪ್ರಾರ್ಥನೆಗೆ ಆಮೋಸಯ್ಯನನ್ನು ಕರೆದರು. ಜನ ಬೆನ್ನು ಒರಗಿಸಿ, ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿ, ದೂರದ ಪ್ರಯಾಣಕ್ಕೆ ಕೂತಂತೆ ಕೂತರು. ಹಿಂದಿನ ಬಾಗಿಲ ಹತ್ತಿರ ನಿಂತಿದ್ದ ಅಡುಗೆಯವನು ಕೂಡ ಆಮೋಸಯ್ಯ ಏಳುವುದನ್ನೇ ನೋಡಿ, ಇನ್ನು ಇಪ್ಪತ್ತೆರಡು ನಿಮಿಷವಿದೆಯೆಂದು ಚರ್ಚಿನ ಹಿಂದಕ್ಕೆ ಹೋಗಿ ಆಗ ಅಕ್ಕಿಗೆ ನೀರು ಇಟ್ಟ. ಆಮೋಸಯ್ಯ ಅಭ್ಯಾಸಬಲದಿಂದ ಸೃಷ್ಟಿಯಲ್ಲೇ ಶುರುಮಾಡಿದ. ಎರಡು ವಾಕ್ಯವಾದ ಮೇಲೆ ನಿಲ್ಲಿಸಿದ. ಬೆಳೆ ಕೊಟ್ಟದ್ದಕ್ಕೆ ವಂದನೆ ಹೇಳಿದ, ಹಾಸಿಗೆ ಹಿಡಿದ ಮೂವರ ಹೆಸರು ಹೇಳಿದ, ಅವರ ಮನೆಗೆ ಈ ವಾರವೇ ಹೋಗುವ ಮನಸ್ಸು ನಮಗೆ ಕೊಡು ಎಂದ. ಆಮೆನ್ ಎಂದಾಗ ಮೂರು ನಿಮಿಷ ಐವತ್ತು ಸೆಕೆಂಡ್ ಆಗಿತ್ತು. ಬೇಡವೆಂದುಕೊಂಡರೂ ಕರುಣಾವತಿಯ ಕೈ ತಾನೇ ಅಳೆದುಬಿಟ್ಟಿತ್ತು. ಅರ್ಧ ಸಭೆ ಆಮೆನ್ ಹೇಳುವುದನ್ನೇ ಮರೆಯಿತು. ಇದು ನಡುವಿನ ವಿರಾಮವಿರಬೇಕೆಂದು ಅವರು ಕಾಯುತ್ತಿದ್ದರು.

ಪೇಚಾದದ್ದು ಆಮೇಲೆ. ಅನ್ನ ಇನ್ನೂ ಕುದಿ ಹಿಡಿದಿರಲಿಲ್ಲ. ನೂರಿಪ್ಪತ್ತು ಜನ ಹಸಿದುಕೊಂಡು ಶಾಮಿಯಾನದ ಕೆಳಗೆ ಎಲೆ ಮುಂದೆ ಕೂತರು. ಇನ್ನೊಂದು ಸ್ವಲ್ಪ ಪ್ರಾರ್ಥನೆ ಮಾಡಬಾರದೇ ಎಂದು ಯಾರೋ ಬೇಡಿಕೊಂಡರು. ಆಮೋಸಯ್ಯ ತಲೆಯಾಡಿಸಿ, ಪಂಚೆ ಎತ್ತಿ ಕಟ್ಟಿಕೊಂಡು ಚರ್ಚಿನ ಹಿಂದಕ್ಕೆ ಹೋದ. ಅಲ್ಲಿ ಅಡುಗೆಯವನು ಒಬ್ಬನೇ ಹಸಿ ಸೌದೆಯೊಂದಿಗೆ ಹೋರಾಡುತ್ತಾ, ಎಲ್ಲರ ಬೈಗುಳಕ್ಕೆ ತಲೆಕೊಟ್ಟು ನಿಂತಿದ್ದ. ಆಮೋಸಯ್ಯ ಒಲೆಯ ಮುಂದೆ ಕುಕ್ಕರಿಸಿ ಒಣಗಿದ ಪುರುಳೆ ಕಡ್ಡಿಗಳನ್ನು ಆರಿಸಿ ಉರಿಗೆ ಇಟ್ಟ. ಹೊಗೆ ಗಂಟಲಿಗೆ ಹೋದೀತೆಂದು ಮಫ್ಲರನ್ನು ಮೂಗಿಗೆ ಏರಿಸಿಕೊಂಡು, ನಿನ್ನ ಹೆಸರೇನಪ್ಪ ಎಂದು ಕೇಳಿದ. ಹನ್ನೊಂದು ವರ್ಷದಿಂದ ಪ್ರತಿ ಸುಗ್ಗಿ ಹಬ್ಬಕ್ಕೂ ಅಲ್ಲಿ ಅಡುಗೆ ಮಾಡುತ್ತಿದ್ದ ಆ ಮನುಷ್ಯ, ಶಶಿ ಎಂದ. ಊರು ಕೆ.ಆರ್. ನಗರದ ಹತ್ತಿರ, ತಾಯಿಗೆ ಮೈ ಸರಿಯಿಲ್ಲ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಂದದ್ದು ಎಂದು ಸೌಟು ಆಡಿಸುತ್ತಾ ಹೇಳತೊಡಗಿದ. ಆಮೋಸಯ್ಯ ಪುರುಳೆ ಮುರಿಯುತ್ತಾ ಹ್ಞೂಂಗುಟ್ಟಿದ. ಅನ್ನ ಬೇಯಲು ಇನ್ನೂ ಅರ್ಧ ಗಂಟೆಯಿತ್ತು.